ದಕ್ಷಿಣಾಯನದ ವ್ರತವೂ ಮನೆಯ ಸಾಲವೂ



ಆಷಾಢ ಶುಕ್ಲ ಅಷ್ಟಮಿಯಿಂದ ಹುಣ್ಣಿಮೆಯವರೆಗಿನ ಎಂಟು ದಿನಗಳು ನಮ್ಮ ಮನೆಗಳಲ್ಲಿ ಅಷ್ಟಾಹ್ನಿಕ ಪರ್ವವೆಂದು ಆಚರಿಸಲ್ಪಡುತ್ತವೆ. ಈ ಎಂಟು ದಿನ ದೇವೇಂದ್ರಾದಿಗಳು ಎಂಟನೆಯದಾದ ನಂದೀಶ್ವರ ದ್ವೀಪಕ್ಕೆ ತೆರಳಿ ಅಲ್ಲಿಯ ಐವತ್ತೆರಡು ಅಕೃತ್ರಿಮ ಚೈತ್ಯಾಲಯಗಳಲ್ಲಿ ಪೂಜೆ ಸಲ್ಲಿಸುವರೆಂಬುದು ನಮ್ಮ ಮಕ್ಕಳಿಗೂ ತಿಳಿದ ಸಂಗತಿ. ಅಲ್ಲಿಗೆ ಹೋಗಲಾರದ ನಾವು ನಮ್ಮೂರ ಬಸದಿಯಲ್ಲಿಯೇ ಆ ಭಾವನೆಯಿಂದ ಪೂಜಿಸಿ, ಶಕ್ತ್ಯನುಸಾರ ಉಪವಾಸವನ್ನೋ ಏಕಾಶನವನ್ನೋ ಕೈಕೊಳ್ಳುತ್ತೇವೆ. "ಶಕ್ತ್ಯನುಸಾರ" ಎಂಬ ಈ ಮಾತನ್ನು ನಾನು ನಲವತ್ತು ವರ್ಷಗಳಿಂದ ಬಾಯಿಪಾಠವಾಗಿ ಹೇಳುತ್ತ ಬಂದವನು. ಅದರ ಅರ್ಥವೇನೆಂದು ನಿಜವಾಗಿ ಯೋಚಿಸಬೇಕಾಗಿ ಬಂದದ್ದು 2025ರ ಆಷಾಢದಲ್ಲಿ, ಅದೂ ನನ್ನ ಮಗನ ಮನೆಸಾಲದ ಕಾಗದವನ್ನು ಮುಂದಿಟ್ಟುಕೊಂಡು. ಆ ವಿಚಾರವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಆದರೆ ಅದಕ್ಕೆ ಮೊದಲು ಸೂರ್ಯನ ವಿಷಯವನ್ನು ಸ್ವಲ್ಪ ಹೇಳಬೇಕು. ಏಕೆಂದರೆ ನಮ್ಮ ಮನೆಯಲ್ಲಿ ಸಾಲದ ಕಥೆ ಆರಂಭವಾದದ್ದೇ ಅಯನದ ಭಯದಿಂದ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಹುಟ್ಟಿ ಬೆಳೆದವರು ಒಂದು ಸಂಗತಿಯನ್ನು ಗಮನಿಸಿರಬಹುದು. ವರ್ಷದ ಬಹುಭಾಗ ನಡುಹಗಲಿನಲ್ಲಿ ತೆಂಗಿನ ಮರದ ನೆರಳು ಬುಡದಿಂದ ಉತ್ತರಕ್ಕೆ ಬೀಳುತ್ತದೆ. ಏಪ್ರಿಲ್ ಕೊನೆಯ ವಾರದಲ್ಲಿ ಒಂದು ದಿನ ನೆರಳು ಬುಡದಲ್ಲಿಯೇ ಅಡಗುತ್ತದೆ. ಆಮೇಲೆ ಆಗಸ್ಟ್ ನಡುಭಾಗದವರೆಗೆ ಅದು ದಕ್ಷಿಣಕ್ಕೆ ತಿರುಗಿರುತ್ತದೆ. ಜೂನ್ 21ರ ಸುಮಾರಿಗೆ ಅರವತ್ತಡಿಯ ಮರದ ನಡುಹಗಲ ನೆರಳು ದಕ್ಷಿಣಕ್ಕೆ ಹತ್ತು ಹನ್ನೊಂದು ಅಡಿ ಚಾಚುತ್ತದೆ. ಅದೇ ಸೂರ್ಯನ ಉತ್ತರದ ಕಟ್ಟಕಡೆಯ ಮಜಲು. ಶಾಲೆಯಲ್ಲಿದ್ದಾಗ ನಾನು ಮಕ್ಕಳನ್ನು ತೋಟಕ್ಕೆ ಕರೆದೊಯ್ದು ನೆರಳಿನ ತುದಿಗೆ ಗೂಟ ನೆಡಿಸುತ್ತಿದ್ದೆ. ಮೋಡ ಕವಿದರೆ ಆ ವರ್ಷದ ಪಾಠ ಅಲ್ಲಿಗೆ ಮುಗಿಯಿತು. ಮುಂಗಾರಿನ ತಿಂಗಳಲ್ಲಿ ಮೂರು ವರ್ಷಕ್ಕೊಮ್ಮೆ ಗೂಟ ನೆಟ್ಟದ್ದುಂಟು.

ಪಂಚಾಂಗದಲ್ಲಿ ದಕ್ಷಿಣಾಯನವು ಜುಲೈ 16 ಅಥವಾ 17ರ ಕರ್ಕಾಟಕ ಸಂಕ್ರಮಣದಂದು ಆರಂಭವಾಗುತ್ತದೆಂದಿರುತ್ತದೆ. ಆಕಾಶದಲ್ಲಿ ಸೂರ್ಯನು ತಿರುಗುವುದು ಜೂನ್ 21ರಂದು. ಈ ಇಪ್ಪತ್ತೈದು ದಿನಗಳ ಅಂತರಕ್ಕೆ ಅಯನಚಲನೆಯೇ ಕಾರಣ. ವಿಷುವಬಿಂದುವು ನಕ್ಷತ್ರಗಳ ನಡುವೆ ಸುಮಾರು ಎಪ್ಪತ್ತೆರಡು ವರ್ಷಗಳಿಗೊಂದು ಅಂಶದಂತೆ ಹಿಂದೆ ಸರಿಯುತ್ತದೆ. ಈಗ ಆ ವ್ಯತ್ಯಾಸ ಇಪ್ಪತ್ತನಾಲ್ಕು ಅಂಶಗಳಷ್ಟಾಗಿದೆ. ಡಿಸೆಂಬರ್ 21-22ಕ್ಕೆ ಆಗುವ ಉತ್ತರಾಯಣವನ್ನು ನಾವು ಜನವರಿ ನಡುವಿನಲ್ಲಿ ಎಳ್ಳು ಬೀರಿ ಆಚರಿಸುವುದೂ ಇದೇ ಕಾರಣದಿಂದ. ಯಾವ ದಿನ "ಅಯನ ಬದಲಾಯಿತು, ಇನ್ನು ಶುಭಕಾರ್ಯವಿಲ್ಲ" ಎಂದು ಹೆದರುತ್ತೇವೆಯೋ ಆ ದಿನಕ್ಕಾಗಲೇ ಸೂರ್ಯನು ಹಿಂದಿರುಗಿ ಮೂರೂವರೆ ವಾರವಾಗಿರುತ್ತದೆ.

ನಮ್ಮ ಆಚಾರ್ಯರು ಈ ವಿಷಯದಲ್ಲಿ ಏನು ಹೇಳಿದ್ದಾರೆಂಬುದು ಗಮನಾರ್ಹ. ಯತಿವೃಷಭಾಚಾರ್ಯರ ತಿಲೋಯಪಣ್ಣತ್ತಿ, ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ತ್ರಿಲೋಕಸಾರ ಮೊದಲಾದ ಗ್ರಂಥಗಳಲ್ಲಿ ಸೂರ್ಯನ ವೀಥಿಗಳು ನೂರ ಎಂಬತ್ತನಾಲ್ಕೆಂದೂ, ಅತ್ಯಂತ ಒಳಗಿನ ವೀಥಿಯಲ್ಲಿರುವಾಗ ಹಗಲು ಹದಿನೆಂಟು ಮುಹೂರ್ತವೆಂದೂ, ಅತ್ಯಂತ ಹೊರಗಿನದರಲ್ಲಿ ಹನ್ನೆರಡು ಮುಹೂರ್ತವೆಂದೂ, ದಿನಕ್ಕೆ ಒಂದು ಮುಹೂರ್ತದ ಅರವತ್ತೊಂದರಲ್ಲಿ ಎರಡು ಭಾಗದಂತೆ ಹಗಲು ಕುಗ್ಗುತ್ತದೆಂದೂ ನಿರೂಪಿಸಲ್ಪಟ್ಟಿದೆ. ನೂರ ಎಂಬತ್ತಮೂರು ದಿನಗಳಿಗೆ ಆರು ಮುಹೂರ್ತ. ಲೆಕ್ಕ ಸರಿಯಾಗಿ ಕೂಡುತ್ತದೆ. ಮುಹೂರ್ತವೆಂದರೆ ನಲವತ್ತೆಂಟು ನಿಮಿಷ. ಹದಿನೆಂಟು ಮುಹೂರ್ತದ ಹಗಲೆಂದರೆ ಹದಿನಾಲ್ಕು ಗಂಟೆ ಇಪ್ಪತ್ತನಾಲ್ಕು ನಿಮಿಷ. ತಿಪಟೂರಿನಲ್ಲಿ ಅಷ್ಟು ದೀರ್ಘ ಹಗಲಿಲ್ಲ. ಇಲ್ಲಿ ಅತಿ ದೀರ್ಘ ಹಗಲು ಹನ್ನೆರಡು ಗಂಟೆ ಐವತ್ತನಾಲ್ಕು ನಿಮಿಷ, ಎಂದರೆ ಹದಿನಾರು ಮುಹೂರ್ತಕ್ಕೆ ಸ್ವಲ್ಪ ಮಿಗಿಲು. ಅತಿ ಚಿಕ್ಕದು ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಕಾಶ್ಮೀರದ ಶ್ರೀನಗರದಷ್ಟು ಉತ್ತರಕ್ಕೆ ಹೋದರೆ ಗ್ರಂಥದ ಹದಿನೆಂಟು ಮುಹೂರ್ತ ಕಾಣಸಿಗುತ್ತದೆ. ಇದನ್ನು ಹೇಳಿದಾಗ ಕೆಲವು ಹಿರಿಯರಿಗೆ ಅಸಮಾಧಾನವಾಗುತ್ತದೆ. ನನಗೆ ಆಗುವುದಿಲ್ಲ. ಕಣ್ಣಿಗೆ ಕಂಡದ್ದನ್ನು ಕಂಡಂತೆ ಹೇಳುವುದು ಸತ್ಯಾಣುವ್ರತದೊಳಗಿನ ಮಾತೇ.

ನಾನು ಹೇಳಬಂದದ್ದು ಬೇರೆ. ನಮ್ಮ ಆಗಮದ ಪಂಚವರ್ಷಾತ್ಮಕ ಯುಗವು ಆರಂಭವಾಗುವುದು ಉತ್ತರಾಯಣದಿಂದಲ್ಲ. ಶ್ರಾವಣ ಕೃಷ್ಣ ಪ್ರತಿಪದೆಯಂದು, ಚಂದ್ರನು ಅಭಿಜಿತ್ ನಕ್ಷತ್ರದಲ್ಲಿರುವಾಗ, ದಕ್ಷಿಣಾಯನದ ಮೊದಲ ದಿನದಿಂದ. ಅದೇ ತಿಥಿಯಂದು ರಾಜಗೃಹದ ವಿಪುಲಾಚಲದಲ್ಲಿ ಭಗವಾನ್ ಮಹಾವೀರರ ದಿವ್ಯಧ್ವನಿ ಮೊದಲು ಹೊಮ್ಮಿತು. ಉತ್ತರದವರ ಹುಣ್ಣಿಮೆ ಕೊನೆಯ ಮಾಸಗಣನೆಯಲ್ಲಿ ಅದು ಶ್ರಾವಣ. ಅಮಾವಾಸ್ಯೆ ಕೊನೆಯ ನಮ್ಮ ಗಣನೆಯಲ್ಲಿ ಆಷಾಢ ಬಹುಳ ಪಾಡ್ಯ. ಅಷ್ಟಾಹ್ನಿಕವು ಹುಣ್ಣಿಮೆಗೆ ಮುಗಿದರೆ ಮಾರನೆಯ ದಿನವೇ ವೀರಶಾಸನ ಜಯಂತಿ. ಅದಕ್ಕೆ ಮುಂಚೆ ಚತುರ್ದಶಿಯಂದು ಮುನಿಗಳು ವರ್ಷಾಯೋಗವನ್ನು ಸ್ಥಾಪಿಸಿ ನಾಲ್ಕು ತಿಂಗಳು ಒಂದೆಡೆ ನೆಲಸುತ್ತಾರೆ. ಜಿನವಾಣಿಯೇ ಹುಟ್ಟಿದ ದಿನದಿಂದ ಆರಂಭವಾಗುವ ಅಯನವನ್ನು ಜೈನ ಗೃಹಸ್ಥನು ಅಶುಭವೆಂದು ಹೇಗೆ ಎಣಿಸಿಯಾನು?

ಲೋಕದ ಬೇರೆ ಬೇರೆ ಜನರೂ ಈ ದೀರ್ಘ ಹಗಲನ್ನು ತಮ್ಮ ತಮ್ಮ ರೀತಿಯಲ್ಲಿ ಕಂಡಿದ್ದಾರೆ. ಸ್ವೀಡನ್ನಿನವರು ಹಸಿರೆಲೆ ಸುತ್ತಿದ ಕಂಬವನ್ನು ನೆಟ್ಟು ಸುತ್ತಲೂ ಕುಣಿಯುತ್ತಾರೆ. ಫಿನ್ಲೆಂಡಿನಲ್ಲಿ ಕೆರೆಗಳ ದಡದಲ್ಲಿ ದೊಡ್ಡ ಬೆಂಕಿ ಹಾಕುತ್ತಾರೆ. ಲಾಟ್ವಿಯದವರು ಜೂನ್ 23ರ ರಾತ್ರಿಯಿಡೀ ಬೆಂಕಿಯ ಬಳಿ ಹಾಡುತ್ತ ಬೆಳಗು ಮಾಡುತ್ತಾರೆ. ಚಳಿಗಾಲವೆಲ್ಲ ಕತ್ತಲೆಯಲ್ಲಿ ಕಳೆದವರಿಗೆ ಬೆಳಕಿನ ಮೇಲೆ ಪ್ರೀತಿ ಸಹಜ. ರಾತ್ರಿಯ ಬೆಂಕಿಗೆ ಬಂದು ಬೀಳುವ ಹುಳುಗಳನ್ನು ನೆನೆದು ನಮ್ಮ ಮನಸ್ಸು ಹಿಂಜರಿಯುವುದೂ ಅಷ್ಟೇ ಸಹಜ. ನಮ್ಮಲ್ಲಿ ಈ ಬೆಳಕಿನ ಉಪಯೋಗ ಮತ್ತೊಂದು ಬಗೆಯದು. ಜೂನ್ 21 ಅತಿ ದೀರ್ಘ ಹಗಲಾದರೂ ಅತಿ ತಡವಾದ ಸೂರ್ಯಾಸ್ತ ಈ ಸೀಮೆಯಲ್ಲಿ ಜುಲೈ ಮೊದಲ ವಾರದಲ್ಲಿ, ಆರು ಗಂಟೆ ಐವತ್ತನಾಲ್ಕು ನಿಮಿಷದ ಸುಮಾರಿಗೆ ಬರುತ್ತದೆ. ರಾತ್ರಿಭೋಜನ ತ್ಯಾಗಿಗಳು ಅಸ್ತಕ್ಕೆ ಎರಡು ಗಳಿಗೆ ಮುಂಚೆ ಊಟ ಮುಗಿಸುವುದಾದರೂ ಆರು ಗಂಟೆಯವರೆಗೆ ಅವಕಾಶವುಂಟು. ತುಮಕೂರಿಗೆ ಹೋಗಿ ಬರುವ ನೌಕರಸ್ಥರು ನಿಯಮವನ್ನು ಹೊಸದಾಗಿ ಹಿಡಿಯುವುದಾದರೆ ಈ ಆಷಾಢಕ್ಕಿಂತ ಸುಲಭವಾದ ಕಾಲವಿಲ್ಲ.

ಇಷ್ಟೆಲ್ಲ ಬಲ್ಲ ನಾನು 2022ರಲ್ಲಿ ಮಾಡಿದ್ದೇನು? ಆ ವರ್ಷ ಮಗನು ಊರಿನ ಹೊಸ ಬಡಾವಣೆಯಲ್ಲಿ ಬ್ಯಾಂಕಿನಿಂದ ಇಪ್ಪತ್ತು ಲಕ್ಷ ರೂಪಾಯಿ ಸಾಲ ತೆಗೆದು ಮನೆ ಕಟ್ಟಿಸಿದ. ಜೂನ್ ಮೂರನೆಯ ವಾರಕ್ಕೆ ಸುಣ್ಣಬಣ್ಣವಾಗಿ ಮನೆ ಸಿದ್ಧವಾಯಿತು. ಜೂನ್ 30ಕ್ಕೆ ಆಷಾಢ ಹಿಡಿಯಿತು. ನೆರೆಹೊರೆಯವರು ಒಬ್ಬೊಬ್ಬರಾಗಿ ಬಂದು, "ಮೇಷ್ಟ್ರೇ, ಆಷಾಢದಲ್ಲಿ ಯಾರಾದರೂ ಗೃಹಪ್ರವೇಶ ಮಾಡುತ್ತಾರೆಯೇ?" ಎಂದರು. ಇನ್ನೊಬ್ಬ ಹಿರಿಯರು ದಕ್ಷಿಣಾಯನವೇ ಬೇಡ, ಮಕರ ಸಂಕ್ರಮಣ ಕಳೆಯಲಿ ಎಂದರು. ಬಿತ್ತನೆಯ ಕಾಲದಲ್ಲಿ ಕೈಯಲ್ಲಿ ಕಾಸಿಲ್ಲದ, ಮನೆಯಲ್ಲಿ ಆಳಿಲ್ಲದ ಒಕ್ಕಲು ಮಕ್ಕಳು ಸಮಾರಂಭಗಳನ್ನು ಮುಂದೂಡಿಕೊಂಡದ್ದು ವಿವೇಕವೇ ಸರಿ. ಅದು ಕಾಲಕ್ರಮದಲ್ಲಿ ಭಯವಾಗಿ ಉಳಿಯಿತೆಂದು ನನ್ನ ಅಭಿಪ್ರಾಯ. ಆ ಅಭಿಪ್ರಾಯವನ್ನು ಆ ದಿನ ಬಾಯಿಬಿಟ್ಟು ಹೇಳಲಿಲ್ಲ. ತಲೆಯಾಡಿಸಿದೆ. ಶ್ರಾವಣದಲ್ಲಿ ಗೃಹಪ್ರವೇಶವಾಯಿತು. ಅಲ್ಲಿಯವರೆಗೆ ಮಗನು ಬಾಡಿಗೆ ಮನೆಯ ಬಾಡಿಗೆಯನ್ನೂ ಸಿದ್ಧವಾಗಿ ಬೀಗ ಹಾಕಿದ್ದ ಮನೆಯ ಬಡ್ಡಿಯನ್ನೂ ಒಟ್ಟಿಗೆ ಕಟ್ಟಿದ. ಬ್ಯಾಂಕಿನ ಬಡ್ಡಿಗೆ ಆಷಾಢವೆಂದಾಗಲಿ ಶ್ರಾವಣವೆಂದಾಗಲಿ ಭೇದವಿಲ್ಲ. ನಾನು ನಂಬದ ಒಂದು ಭಯಕ್ಕಾಗಿ ಮಗನ ದುಡ್ಡು ಖರ್ಚಾಯಿತು. ಅವನು ಒಂದು ಮಾತನ್ನೂ ಆಡಲಿಲ್ಲ.

ಸಾಲದ ಸ್ವರೂಪವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುವುದು ಯುಕ್ತ. ನಮ್ಮ ಅನೇಕ ಮನೆಗಳಲ್ಲಿ ಕಂತು ಕಟ್ಟುವವರಿಗೇ ಇದು ತಿಳಿದಿಲ್ಲ. ದರವು ನಡುನಡುವೆ ಏರಿಳಿದಿದ್ದರೂ ಲೆಕ್ಕದ ಸೌಕರ್ಯಕ್ಕಾಗಿ ಶೇಕಡಾ 8.5 ಎಂದೇ ಹಿಡಿಯೋಣ. ಇಪ್ಪತ್ತು ಲಕ್ಷಕ್ಕೆ ಇಪ್ಪತ್ತು ವರ್ಷಗಳ ಅವಧಿಯಾದರೆ ತಿಂಗಳ ಕಂತು 17,356 ರೂಪಾಯಿ. ಒಟ್ಟು ಕಟ್ಟುವ ಹಣ 41 ಲಕ್ಷ 65 ಸಾವಿರ. ತಂದದ್ದಕ್ಕಿಂತ ಬಡ್ಡಿಯೇ ಹೆಚ್ಚು. ಮೊದಲ ತಿಂಗಳ ಕಂತಿನಲ್ಲಿ 14,167 ರೂಪಾಯಿ ಬಡ್ಡಿಗೆ ಹೋಗುತ್ತದೆ; ಅಸಲಿಗೆ ಸೇರುವುದು 3,189 ಮಾತ್ರ. ಮೂರು ವರ್ಷಗಳಲ್ಲಿ ಮೂವತ್ತಾರು ಕಂತು, ಎಂದರೆ ಆರು ಲಕ್ಷ ಇಪ್ಪತ್ತನಾಲ್ಕು ಸಾವಿರಕ್ಕೂ ಮಿಗಿಲಾಗಿ ಕಟ್ಟಿದ ಮೇಲೂ ಉಳಿದ ಅಸಲು 18 ಲಕ್ಷ 70 ಸಾವಿರ. ಮೇಲಾಗಿ 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇಕಡಾ 4ರಿಂದ 6.5ಕ್ಕೆ ಏರಿಸಿದಾಗ ಎಷ್ಟೋ ಮನೆಗಳಲ್ಲಿ ಕಂತು ಹಾಗೆಯೇ ಇದ್ದು ವರ್ಷಗಳು ಮಾತ್ರ ಸದ್ದಿಲ್ಲದೆ ಬೆಳೆದವು.

ಇದಕ್ಕೆ ಪ್ರತೀಕಾರವೂ ಉಂಟು. ಆರಂಭದ ವರ್ಷಗಳಲ್ಲಿ ಕಂತಿನ ಹೊರತಾಗಿ ಕಟ್ಟಿದ ಹಣವೆಲ್ಲ ನೇರವಾಗಿ ಅಸಲಿಗೆ ಹೋಗುತ್ತದೆ. ವರ್ಷಕ್ಕೆ ಒಂದೇ ಒಂದು ಹೆಚ್ಚಿನ ಕಂತನ್ನು ಕಟ್ಟುತ್ತ ಹೋದರೂ ಇಪ್ಪತ್ತು ವರ್ಷದ ಸಾಲ ಹದಿನೇಳು ವರ್ಷಕ್ಕೆ ಮುಂಚೆಯೇ ತೀರಿ, ನಾಲ್ಕು ಲಕ್ಷ ರೂಪಾಯಿಗಿಂತ ಹೆಚ್ಚು ಬಡ್ಡಿ ಉಳಿಯುತ್ತದೆ. ಬದಲಾಗುವ ದರದ ಮನೆಸಾಲವನ್ನು ಹೀಗೆ ಅವಧಿಗೆ ಮುಂಚೆ ತೀರಿಸುವವರಿಂದ ಬ್ಯಾಂಕುಗಳು ದಂಡಶುಲ್ಕ ವಸೂಲು ಮಾಡಬಾರದೆಂದು ರಿಸರ್ವ್ ಬ್ಯಾಂಕು 2012ರ ಜೂನ್‌ನಲ್ಲಿಯೇ ವಿಧಿಸಿತು. ಕಟ್ಟುವಾಗ "ಕಂತನ್ನು ಇಳಿಸಬೇಡಿ, ಅವಧಿಯನ್ನು ಇಳಿಸಿ" ಎಂದು ಬರೆದುಕೊಡಬೇಕು. ಕಂತು ಇಳಿಸಿಕೊಂಡರೆ ಉಳಿತಾಯ ಅಷ್ಟಾಗುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯವರು 2017ರ ಕಾರ್ತಿಕದಿಂದ ಅಷ್ಟಾಹ್ನಿಕ ವ್ರತವನ್ನು ಹಿಡಿದಿದ್ದರು. ಕಾರ್ತಿಕ, ಫಾಲ್ಗುಣ, ಆಷಾಢ, ಹೀಗೆ ವರ್ಷಕ್ಕೆ ಮೂರು ಸಲದಂತೆ ಎಂಟು ವರ್ಷ. 2025ರ ಆಷಾಢಕ್ಕೆ ಇಪ್ಪತ್ತನಾಲ್ಕು ಅಷ್ಟಾಹ್ನಿಕಗಳು ಪೂರ್ಣವಾಗುವುದಿತ್ತು. ಪೂರ್ಣವಾದ ವ್ರತಕ್ಕೆ ಉದ್ಯಾಪನೆಯಾಗಬೇಕಷ್ಟೆ. ನಂದೀಶ್ವರ ವಿಧಾನ, ಬಸದಿಗೆ ಕಲಶ, ಘಂಟೆ, ಚಾಮರಾದಿ ಉಪಕರಣಗಳು, ಶಾಸ್ತ್ರದಾನ, ಬಂಧುಬಳಗಕ್ಕೆ ಎರಡು ಹೊತ್ತಿನ ಊಟ, ಮುದ್ರಿತ ಆಮಂತ್ರಣ ಎಲ್ಲ ಸೇರಿ ಒಂದೂವರೆ ಲಕ್ಷವಾಗುವುದೆಂದು ಅಂದಾಜು ಮಾಡಿದೆವು. ದೈವವಶಾತ್ ಆ ವರ್ಷ ಕೊಬ್ಬರಿಗೆ ಬೆಲೆ ಬಂದಿತ್ತು. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ಇದ್ದಾಗ ತಿಪಟೂರು ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಮಾರಿ ರೈತರು ಬೀದಿಗಿಳಿದದ್ದು ವಾಚಕರಿಗೆ ನೆನಪಿರಬಹುದು. ಅದೇ ಕೊಬ್ಬರಿ 2025ರ ಮುಂಗಾರಿನ ದಿನಗಳಲ್ಲಿ ಇಪ್ಪತ್ತು ಸಾವಿರವನ್ನು ದಾಟಿತು. ಹಿಂದಿನ ವರ್ಷ ಅಟ್ಟಕ್ಕೆ ಹಾಕಿದ್ದ ಕಾಯಿಯನ್ನು ಸುಲಿಸಿ, ಒಡೆಸಿ, ಏಳು ಕ್ವಿಂಟಲ್ ಕೊಬ್ಬರಿ ಮಾರಿ ಒಂದೂವರೆ ಲಕ್ಷವನ್ನು ಮಗನು ತಾಯಿಯ ಕೈಗೆ ತಂದಿಟ್ಟ.

ಆ ರಾತ್ರಿ ಅವನು ನನ್ನ ಬಳಿ ಕುಳಿತು ಹೇಳಿದ: "ಅಪ್ಪಾಜಿ, ತಪ್ಪು ತಿಳಿಯಬೇಡಿ. ಈ ಒಂದೂವರೆ ಲಕ್ಷವನ್ನು ಈಗ ಅಸಲಿಗೆ ಕಟ್ಟಿದರೆ ಮೂವತ್ತೆರಡು ಕಂತು ತಪ್ಪುತ್ತದೆ. ನಾಲ್ಕು ಲಕ್ಷಕ್ಕಿಂತ ಹೆಚ್ಚು ಬಡ್ಡಿ ಉಳಿಯುತ್ತದೆ. ಉದ್ಯಾಪನೆಗೆ ಶಕ್ತಿ ಇಲ್ಲದವರು ವ್ರತವನ್ನೇ ಇಮ್ಮಡಿ ಮಾಡಬಹುದು ಎಂದು ನೀವೇ ಹೇಳಿದ್ದಿರಿ."

ನಾನು ಕೋಪದಿಂದ, "ಧರ್ಮಕ್ಕೆ ಬಡ್ಡಿಯ ಲೆಕ್ಕ ಹಾಕುವವನು ನನ್ನ ಮಗನೇ?" ಎಂದುಬಿಟ್ಟೆ. ಅವನು ಎದ್ದು ಹೋದ. ಆಡಿದ ಮಾತಿನ ಕಾವು ಆರಿದ ಮೇಲೆ ಶಾಸ್ತ್ರವೇನು ಹೇಳುತ್ತದೆಂದು ನೋಡಲು ಕುಳಿತೆ. ಕೋಪಕ್ಕೆ ಮುಂಚೆ ಕೂರಬೇಕಾಗಿತ್ತು.

ಮಗನ ಪಕ್ಷದಲ್ಲಿ ಮೊದಲು ಕಂಡದ್ದು ದಾನದ ಲಕ್ಷಣ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ದಾನವನ್ನು ನಿರೂಪಿಸುವಾಗ "ಸ್ವ" ಎಂಬ ಪದವನ್ನಿಟ್ಟಿದ್ದಾರೆ. ಅನುಗ್ರಹಕ್ಕಾಗಿ ತನ್ನದನ್ನು ಬಿಡುವುದು ದಾನ. ಹದಿನೆಂಟು ಲಕ್ಷ ಎಪ್ಪತ್ತು ಸಾವಿರವನ್ನು ಪರರಿಗೆ ಕೊಡಬೇಕಾದವನ ಕೈಯಲ್ಲಿರುವ ಒಂದೂವರೆ ಲಕ್ಷ ಅವನದೇ? ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಪರಿಗ್ರಹ ಪರಿಮಾಣದ ಅತಿಚಾರಗಳನ್ನು ಹೇಳುವಾಗ ಅತಿಸಂಗ್ರಹ, ಲೋಭಗಳ ಜೊತೆಗೆ ಅತಿಭಾರವಹನವನ್ನೂ ಸೇರಿಸಿದ್ದಾರೆ. ಅಲ್ಲಿಯ ತಾತ್ಪರ್ಯ ಲೋಭದಿಂದ ಪಶುಗಳ ಮೇಲೆ ಹೇರುವ ಹೊರೆಯ ಕುರಿತದ್ದು. ಆದರೂ ಇಪ್ಪತ್ತು ವರ್ಷದ ಕಂತನ್ನು ಹೊತ್ತ ಮನುಷ್ಯನನ್ನು ಕಂಡಾಗ ನನಗೆ ಆ ಪದವೇ ನೆನಪಾಗುತ್ತದೆ.

ಇನ್ನೊಂದು ಮಾತನ್ನು ಮಗನೇ ಮಾರನೆಯ ದಿನ ತಾಯಿಯ ಮುಂದೆ ಹೇಳಿದನಂತೆ. ತಿಂಗಳು ತಿಂಗಳು ಕಂತು ಕಟ್ಟುವುದು ಸವಿಪಾಕ ನಿರ್ಜರೆ. ಕರ್ಮವು ತನ್ನ ಕಾಲಕ್ಕೆ ಹಣ್ಣಾಗಿ ಉದುರುವಂತೆ. ಮುಂಚಿತವಾಗಿ ತೀರಿಸುವುದು ಅವಿಪಾಕ ನಿರ್ಜರೆ. ಹುಲ್ಲಿನಲ್ಲಿಟ್ಟು ಮಾವನ್ನು ಮುಂಚೆಯೇ ಹಣ್ಣು ಮಾಡಿದಂತೆ. ಬಾಲ್ಯದಲ್ಲಿ ನಾನೇ ಕಲಿಸಿದ ದೃಷ್ಟಾಂತ ನನ್ನ ವಿರುದ್ಧವೇ ತಿರುಗಿ ಬಂದದ್ದನ್ನು ಕೇಳಿ, ಸುಳ್ಳೇಕೆ, ಮನಸ್ಸಿನಲ್ಲಿ ಸಂತೋಷವಾಯಿತು. ಆದರೆ ದೃಷ್ಟಾಂತವು ಪ್ರಮಾಣವಲ್ಲ. ನಿರ್ಜರೆಗೆ ಸಂವರ ಜೊತೆಗಿರಬೇಕು. ಈ ಸಾಲ ತೀರಿಸುತ್ತಲೇ ಕಾರಿಗೆ ಇನ್ನೊಂದು ಸಾಲ ಮಾಡುವವನ ದೋಣಿಗೆ ನೀರು ಬರುತ್ತಲೇ ಇರುತ್ತದೆ. ಮತ್ತು ಸಾಲ ತೀರಲಿ ಎಂಬ ಫಲವನ್ನು ಬಯಸಿ ವ್ರತ ಮಾಡಿದರೆ ಅದು ನಿದಾನ. ಮಾಯೆ, ಮಿಥ್ಯಾತ್ವ, ನಿದಾನಗಳೆಂಬ ಮೂರು ಶಲ್ಯಗಳಿಲ್ಲದವನೇ ವ್ರತಿಯೆಂದು ಸೂತ್ರಕಾರರ ಮತ.

ಈ ಶಲ್ಯಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಮಾಯೆ. ಶಕ್ತಿಯಿಲ್ಲದವರು ಉದ್ಯಾಪನೆಯ ಬದಲು ವ್ರತವನ್ನು ಇಮ್ಮಡಿಸಬಹುದೆಂಬ ಅನುಗ್ರಹವನ್ನು ವ್ರತವಿಧಾನಕಾರರು ಇಟ್ಟದ್ದು ನಿಜ. ಆದರೆ ನಮಗೆ ಶಕ್ತಿಯಿಲ್ಲವೇ? ಕೊಬ್ಬರಿಯ ಹಣ ಬೀರುವಿನಲ್ಲಿದೆ. ಇದ್ದ ಶಕ್ತಿಯನ್ನು ಇಲ್ಲವೆನ್ನುವುದು ಕಪಟವಲ್ಲವೇ? ಷೋಡಶಕಾರಣ ಭಾವನೆಗಳಲ್ಲಿ ಶಕ್ತಿತಸ್ತ್ಯಾಗ, ಶಕ್ತಿತಸ್ತಪ ಎಂದು ಎರಡು ಬರುತ್ತವೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ತಪಸ್ಸನ್ನು ವಿವರಿಸುವಾಗ ತನ್ನ ವೀರ್ಯವನ್ನು ಮರೆಮಾಚದವನು ಮಾಡತಕ್ಕದ್ದೆನ್ನುತ್ತಾರೆ. ಶಕ್ತ್ಯನುಸಾರವೆಂದರೆ ಶಕ್ತಿ ಮೀರಬಾರದೆಂದಷ್ಟೇ ನಾವು ತಿಳಿಯುತ್ತೇವೆ. ಶಕ್ತಿಯನ್ನು ಬಚ್ಚಿಡಬಾರದೆಂಬ ಅರ್ಧವನ್ನು ಮರೆಯುತ್ತೇವೆ.

ಹಾಗಾದರೆ ಸಾಲಗಾರ ಗೃಹಸ್ಥನ ಶಕ್ತಿಯನ್ನು ಅಳೆಯುವುದೆಂತು? ಪೂರ್ಣ ಸಾಲವನ್ನು ಕಳೆದು ಉಳಿದದ್ದೇ ಅವನದೆಂದರೆ, ಮನೆ ಕಟ್ಟಿದ ಯಾವ ಯುವಕನೂ ಇಪ್ಪತ್ತು ವರ್ಷ ದಾನಕ್ಕೆ ಅನರ್ಹನಾಗುತ್ತಾನೆ. ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪ, ದಾನ ಎಂಬ ಷಟ್ಕರ್ಮಗಳು ದಿನದಿನದವು. ಬ್ಯಾಂಕಿನವರು ಋಣಮುಕ್ತ ಪತ್ರ ಕೊಡುವವರೆಗೆ ಅವುಗಳಿಗೆ ರಜೆಯೆಂದು ಯಾವ ಶ್ರಾವಕಾಚಾರವೂ ಹೇಳಿಲ್ಲ. ಇದಕ್ಕೆ ವಿರುದ್ಧವಾಗಿ, ಕೈಯಲ್ಲಿರುವುದೆಲ್ಲ ತನ್ನದೆಂದರೆ ಸಾಲ ಮಂಜೂರಾದ ದಿನವೇ ಮನುಷ್ಯನು ಅತ್ಯಂತ ಶ್ರೀಮಂತನಾಗುತ್ತಾನೆ. ನನಗೆ ತೋರಿದ್ದು ಇಷ್ಟು: ಆ ವರ್ಷಕ್ಕೆ ಸಲ್ಲಬೇಕಾದ ಕಂತು, ಮನೆಯ ಅನ್ನಬಟ್ಟೆ, ಕಾಯಿಲೆ ಕಸಾಲೆಗೆಂದು ತೆಗೆದಿಟ್ಟದ್ದು, ಇವನ್ನು ಕಳೆದು ಉಳಿದದ್ದು ಧರ್ಮತಃ ಅವನದೇ. ಏಕೆಂದರೆ ಬ್ಯಾಂಕು ಇಪ್ಪತ್ತು ವರ್ಷದ ಅವಧಿಯನ್ನು ಒಪ್ಪಿಯೇ ಕೊಟ್ಟಿದೆ. ಮುಂದಿನ ಕಂತು ಇಂದಿನ ಬಾಕಿಯಲ್ಲ. ಈ ಅಳತೆಯಿಂದ ಆ ಒಂದೂವರೆ ಲಕ್ಷ ಮಗನದೇ ಆಗಿತ್ತು, ನಮಗೆ ಶಕ್ತಿಯಿತ್ತು, "ಶಕ್ತಿಯಿಲ್ಲ" ಎಂದು ಇಮ್ಮಡಿ ವ್ರತದ ಮರೆಗೆ ಹೋಗುವಂತಿರಲಿಲ್ಲ. ಇದರಲ್ಲಿ ನಾನೇ ಗೆದ್ದೆನೆಂದು ಒಂದು ದಿನ ನೆಮ್ಮದಿಯಾಗಿದ್ದೆ.

ನೆಮ್ಮದಿಯನ್ನು ಕದಡಿದವರು ನಮ್ಮ ಮನೆಯವರು. ಎಲ್ಲವನ್ನೂ ಕೇಳಿ ಅವರು, "ಶಕ್ತಿ ಇದೆ ಅಂತ ಒಪ್ಪಿದೆ. ಆದರೆ ಉದ್ಯಾಪನೆಯಲ್ಲಿ ವ್ರತಕ್ಕೆ ಬೇಕಾದದ್ದು ಯಾವುದು, ನಮಗೆ ಬೇಕಾದದ್ದು ಯಾವುದು, ಅದನ್ನು ಮೊದಲು ಬೇರೆ ಮಾಡಿ ಬರೆಯಿರಿ" ಎಂದರು. ಬರೆದೆ. ನಂದೀಶ್ವರ ವಿಧಾನ, ಶಾಸ್ತ್ರದಾನ, ಬಸದಿಗೆ ನಿಜವಾಗಿ ಕೊರತೆಯಿದ್ದ ಪೂಜಾದ್ರವ್ಯ, ತ್ಯಾಗಿಗಳಿಗೆ ಆಹಾರ, ಇವಿಷ್ಟು ಇಪ್ಪತ್ತೆರಡು ಸಾವಿರಕ್ಕೆ ನಿಂತಿತು. ಉಳಿದದ್ದು ನಾನೂರು ಜನರ ಊಟ, ಶಾಮಿಯಾನ, ಹೆಸರು ಕೆತ್ತಿಸಿದ ಬೆಳ್ಳಿಯ ಕಲಶ, ಆಮಂತ್ರಣ ಪತ್ರಿಕೆ. ಬಸದಿಯಲ್ಲಿ ಹೆಸರು ಕೆತ್ತಿಸಿದ ಕಲಶಗಳು ಆಗಲೇ ಹನ್ನೊಂದಿವೆ. ಅವುಗಳಲ್ಲೊಂದು ನನ್ನ ತಂದೆಯವರದು. ಪಟ್ಟಿಯನ್ನು ನೋಡುತ್ತ ನನಗೆ ತಿಳಿದದ್ದೇನೆಂದರೆ, ಮಗನ ಮೇಲೆ ರೇಗಿದಾಗ ನಾನು ಕಾಯುತ್ತಿದ್ದದ್ದು ಧರ್ಮವನ್ನಲ್ಲ, ಹನ್ನೆರಡನೆಯ ಕಲಶವನ್ನು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಅದು ಬಲವಾದದ್ದೆಂದೇ ಒಪ್ಪುತ್ತೇನೆ. ಎಲ್ಲರೂ ಹೀಗೆ ಉದ್ಯಾಪನೆಯನ್ನು ಮೊಟಕುಗೊಳಿಸಿದರೆ ನಮ್ಮ ಚಿಕ್ಕ ಊರುಗಳ ಬಸದಿಗಳ ಗತಿಯೇನು? ನಿಟ್ಟೂರಿನ ಶಾಂತೀಶ್ವರ ಬಸದಿಯಂತಹ ಹೊಯ್ಸಳರ ಕಾಲದ ಕಟ್ಟಡವನ್ನು ನಿಲ್ಲಿಸಿದ್ದು ಲೆಕ್ಕ ಹಾಕುವವರಲ್ಲ, ಧಾರಾಳವಾಗಿ ಕೊಟ್ಟವರು. ಸಮಾಜ ವರ್ಷಕ್ಕೊಮ್ಮೆಯಾದರೂ ಒಂದೆಡೆ ಕುಳಿತು ಉಣ್ಣದಿದ್ದರೆ ಮಕ್ಕಳಿಗೆ ಬಂಧುಗಳ ಮುಖಪರಿಚಯವೂ ಉಳಿಯದು. ಇದನ್ನು ನನಗೆ ಹೇಳಿದ ಗೆಳೆಯರು ಚಿಕ್ಕನಾಯಕನಹಳ್ಳಿಯ ಕಡೆಯವರು. ತಮ್ಮೂರಲ್ಲಿ ಉದ್ಯಾಪನೆಯ ಊಟವಲ್ಲದೆ ಬೇರೆ ಯಾವ ಕಾರಣಕ್ಕೂ ಹತ್ತು ಜೈನ ಮನೆಗಳು ಕೂಡುವುದಿಲ್ಲವೆಂದರು. ಅವರಿಗೆ ನಾನು ಸರಿಯಾದ ಉತ್ತರ ಕೊಟ್ಟೆನೆಂದು ಹೇಳಲಾರೆ. ಊಟ ಬೇಕೆಂದಾದರೆ ಹತ್ತು ಮನೆಯವರು ಸೇರಿ ಮಾಡಲಿ, ಒಬ್ಬ ಸಾಲಗಾರನ ತಲೆಯ ಮೇಲೆ ಏಕೆ ಎಂದೆ. ಹಾಗೆ ಸೇರಿ ಮಾಡುವ ಕಾಲ ಹೋಯಿತೆಂದು ಅವರು ನಕ್ಕರು.

2025ರ ಜುಲೈ 10, ಹುಣ್ಣಿಮೆಯಂದು ವ್ರತ ಪೂರ್ಣವಾಯಿತು. ಇಪ್ಪತ್ತೆರಡು ಸಾವಿರದಲ್ಲಿ ವಿಧಾನ ನಡೆಯಿತು. ಊರಿನ ಸಹಧರ್ಮಿಗಳು ಬಂದರು, ಪಾನಕ ಕುಡಿದು ಹೋದರು. ಮೇಷ್ಟ್ರು ಅಗ್ಗದಲ್ಲಿ ಮುಗಿಸಿದರೆಂದು ಒಬ್ಬರು ಆಡಿದ್ದು ನನ್ನ ಕಿವಿಗೆ ಬಿತ್ತು. ಉಳಿದ ಒಂದು ಲಕ್ಷ ಇಪ್ಪತ್ತೆಂಟು ಸಾವಿರವನ್ನು ಮಗನು ಅವಧಿ ಇಳಿಸುವಂತೆ ಬರೆದುಕೊಟ್ಟು ಅಸಲಿಗೆ ಕಟ್ಟಿದ. ಇಪ್ಪತ್ತೆಂಟು ಕಂತುಗಳು ತಪ್ಪಿದವು. ರಸೀತಿ ತಂದು ನನ್ನ ಮುಂದಿಟ್ಟಾಗ, ಆ ರಾತ್ರಿ ಆಡಿದ ಮಾತಿಗಾಗಿ ಅವನಲ್ಲಿ ಕ್ಷಮೆ ಬೇಡಿದೆ. "ಅಯ್ಯೋ, ಬಿಡಿ ಅಪ್ಪಾಜಿ" ಎಂದ.

ಒಂದನ್ನು ಮುಚ್ಚಿಡದೆ ಹೇಳಬೇಕು. ಆ ಸಂಜೆ ಸಾಮಾಯಿಕಕ್ಕೆ ಕುಳಿತಾಗ ಣಮೋಕಾರದ ನಡುವೆ ಇಪ್ಪತ್ತೆಂಟು ಎಂಬ ಸಂಖ್ಯೆ ಮತ್ತೆ ಮತ್ತೆ ಬಂದಿತು; ಅದರ ಜೊತೆಗೆ ಒಂದು ಸುಖವೂ ಬಂದಿತು. ಹಣ ಉಳಿದ ಸುಖವೋ, ಮಗನ ಹೊರೆ ಇಳಿದ ಸುಖವೋ, ಬೇರ್ಪಡಿಸಿ ನೋಡಲು ಪ್ರಯತ್ನಿಸಿದೆ, ಆಗಲಿಲ್ಲ. ಎರಡನೆಯದು ಮೊದಲನೆಯದರ ವೇಷವಾಗಿದ್ದರೆ ಅದೂ ಮಾಯೆಯೇ. ಇದನ್ನು ಮನೆಯವರಿಗೆ ಹೇಳಿದೆ. ಅವರು ಅದಕ್ಕೇನೂ ಹೇಳದೆ, ಕಾರ್ತಿಕದ ಅಷ್ಟಾಹ್ನಿಕ ಯಾವ ತಾರೀಕಿಗೆ ಬರುತ್ತದೆ ನೋಡಿ ಎಂದರು. ಮತ್ತೆ ಎಂಟು ವರ್ಷ ಹಿಡಿಯುವ ಸಂಕಲ್ಪ ಅವರದಾಗಿತ್ತು. "ಉದ್ಯಾಪನೆ ಆಯಿತಲ್ಲ, ಇಮ್ಮಡಿ ಏಕೆ?" ಎಂದು ಕೇಳಿದೆ. "ಅದಕ್ಕೆ ಬದಲಾಗಿ ಅಲ್ಲ. ನನಗೆ ರೂಢಿಯಾಗಿದೆ, ಮನಸ್ಸಿಗೆ ಹಿತವಾಗಿದೆ" ಎಂದರು.

ಕಾರ್ತಿಕದಲ್ಲಿ ಸೂರ್ಯನು ದಕ್ಷಿಣದಲ್ಲಿ ಬಹುದೂರ ಸಾಗಿರುತ್ತಾನೆ. ತೋಟದಲ್ಲಿ ಮರದ ನೆರಳು ಉತ್ತರಕ್ಕೆ ಉದ್ದವಾಗಿ ಮಲಗಿರುತ್ತದೆ. ಆರು ಗಂಟೆಗೆ ಮುಂಚೆಯೇ ಅಸ್ತ. ಮಗನು ಕೆಲಸದಿಂದ ಬರುವಷ್ಟರಲ್ಲಿ ತಾಯಿಯ ಊಟದ ಹೊತ್ತು ಮೀರಿರುತ್ತದೆ. ಈಗ ಅವನು ಆ ಎಂಟು ದಿನ ಬೆಳಿಗ್ಗೆಯೇ ಅವರೊಡನೆ ಕುಳಿತು ತಿಂದು ಹೋಗುತ್ತಾನೆ.